ಪಾಠದ ಸಿದ್ಧತೆಯಿಂದ ಹುಟ್ಟಿದ ಶಾಸ್ತ್ರ

ಶಾಸ್ತ್ರಗಳ ಜನ್ಮಸ್ಥಾನಗಳು ನಾನಾ ವಿಧ. ಯಜ್ಞವೇದಿಯ ಇಟ್ಟಿಗೆಗಳನ್ನು ಅಳತೆ ತಪ್ಪದಂತೆ ಜೋಡಿಸಬೇಕಾದ ಅಗತ್ಯದಿಂದ ಶುಲ್ಬಸೂತ್ರಗಳ ರೇಖಾಗಣಿತ ಬೆಳೆಯಿತು. ವೇದಪಾಠದ ಶುದ್ಧಿಯನ್ನು ಕಾಪಾಡುವ ಕಳಕಳಿಯಿಂದ ಶಿಕ್ಷಾಶಾಸ್ತ್ರ, ವ್ಯಾಕರಣಶಾಸ್ತ್ರಗಳು ಪುಷ್ಟಿಗೊಂಡವು. ಹೊಲವನ್ನು ಅಳೆಯುವವನ, ಹಡಗು ನಡೆಸುವವನ, ಸಾಲಕೊಟ್ಟು ಬಡ್ಡಿ ಎಣಿಸುವವನ ವ್ಯವಹಾರಗಳಿಂದ ಗಣಿತದ ಹಲವು ಕೊಂಬೆಗಳು ಚಿಗುರಿದವು. ಆದರೆ ಇಂದು ಬಿ.ಎಸ್‌ಸಿ. ತರಗತಿಗಳಲ್ಲಿ ‘ರಿಯಲ್ ಅನಾಲಿಸಿಸ್’ ಎಂದು ಬೋಧಿಸಲ್ಪಡುವ, ಕನ್ನಡದಲ್ಲಿ ವಾಸ್ತವ ವಿಶ್ಲೇಷಣೆ ಎನ್ನಬಹುದಾದ ಶಾಸ್ತ್ರದ ಅಡಿಗಲ್ಲುಗಳಲ್ಲಿ ಬಹು ಮುಖ್ಯವಾದ ಒಂದು ಬಿದ್ದದ್ದು ಇವಾವ ಎಡೆಯಲ್ಲಿಯೂ ಅಲ್ಲ. ಪಾಠ ಹೇಳಲು ಸಿದ್ಧನಾಗುತ್ತಿದ್ದ ಒಬ್ಬ ತರುಣ ಅಧ್ಯಾಪಕನ ಮನಸ್ಸಿನ ಅತೃಪ್ತಿಯಲ್ಲಿ.

ಈ ಶಾಸ್ತ್ರದ ಹೆಸರು ಕೇಳಿದರೆ ವಿದ್ಯಾರ್ಥಿಗಳು ಬೆದರುವುದುಂಟು. ಪ್ರೌಢಶಾಲೆಯಲ್ಲಿ ಗಣಿತಕ್ಕೆ ನೂರಕ್ಕೆ ತೊಂಬತ್ತು ಅಂಕ ಪಡೆದವನೂ ಇಲ್ಲಿ ತಡವರಿಸುತ್ತಾನೆ. ಅಲ್ಲಿಯ ಪ್ರಶ್ನೆಗಳು ‘ಕಂಡುಹಿಡಿಯಿರಿ’ ಎನ್ನುತ್ತಿದ್ದವು. ಇಲ್ಲಿಯವು ‘ಸಾಧಿಸಿರಿ’ ಎನ್ನುತ್ತವೆ. ಕೂಡಿ ಕಳೆದು ಉತ್ತರ ಬರೆಯುವ ಅಭ್ಯಾಸವುಳ್ಳ ಕೈಗೆ ಇಲ್ಲಿ ಕೆಲಸವೇ ಇಲ್ಲವೆನ್ನಿಸುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವನಿಗೆ ಭಾಷೆಯ ತೊಡಕೂ ಸೇರಿ, ಕೊನೆಗೆ ಪ್ರಮೇಯಗಳನ್ನು ಉರು ಹೊಡೆದು ಪರೀಕ್ಷೆಯನ್ನು ದಾಟುವ ದಾರಿಯೊಂದೇ ಕಾಣುತ್ತದೆ. ತರಗತಿಗೆ ಹೋಗುವ ಮುನ್ನ ಮಾಡಿಕೊಳ್ಳಬೇಕಾದ ಸಿದ್ಧತೆ ಎಂಥದು ಎಂಬುದನ್ನು ಅವನಿಗೆ ಯಾರೂ ಹೇಳಿರುವುದಿಲ್ಲ. ಅದನ್ನು ಅರಿಯಲು ಆ ತರುಣ ಅಧ್ಯಾಪಕನ ಬಳಿಗೇ ಹೋಗುವುದು ಲೇಸು.

ರಿಚರ್ಡ್ ಡೆಡೆಕಿಂಡ್ ಎಂಬ ಈ ಗಣಿತಜ್ಞ 1831ರಲ್ಲಿ ಜರ್ಮನಿಯ ಬ್ರೌನ್‌ಷ್ವೈಗ್ ನಗರದಲ್ಲಿ ಜನಿಸಿದವನು. ಗಾಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಮಹಾಗಣಿತಜ್ಞ ಗೌಸನ ಕೈಕೆಳಗೆ 1852ರಲ್ಲಿ ಡಾಕ್ಟರ್ ಪದವಿ ಪಡೆದನು. ಗೌಸನ ತರುವಾಯ ಅಲ್ಲಿಗೆ ಬಂದ ಡಿರಿಕ್ಲೆಯ ಉಪನ್ಯಾಸಗಳನ್ನು, ತಾನೂ ಅಧ್ಯಾಪಕನಾಗಿದ್ದರೂ, ವಿದ್ಯಾರ್ಥಿಯಂತೆ ಕುಳಿತು ಕೇಳಿದನು. 1858ರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್ ನಗರದಲ್ಲಿ ಆಗಿನ್ನೂ ಮೂರು ವರ್ಷ ತುಂಬಿದ್ದ ಪಾಲಿಟೆಕ್ನಿಕ್ ವಿದ್ಯಾಲಯಕ್ಕೆ ಪ್ರಾಧ್ಯಾಪಕನಾಗಿ ಹೋದನು. ಅಲ್ಲಿ ಅವಕಲನ ಗಣಿತದ ಮೂಲಪಾಠಗಳನ್ನು ಹೇಳುವ ಕೆಲಸ ಅವನಿಗೆ ಮೊದಲ ಬಾರಿಗೆ ಬಂದೊದಗಿತು. ವಯಸ್ಸು 27.

ಪಾಠದ ದಾರಿಯಲ್ಲಿ ಒಂದು ಮಾತು ಬರುತ್ತದೆ. ಒಂದು ಪರಿಮಾಣ ಸದಾ ಏರುತ್ತಲೇ ಇದೆ. ಆದರೆ ಒಂದು ಮೇರೆಯನ್ನು ಎಂದೂ ಮೀರುವುದಿಲ್ಲ. ಹಾಗಿದ್ದರೆ ಅದು ಯಾವುದೋ ಒಂದು ನಿಶ್ಚಿತ ಬೆಲೆಯ ಕಡೆಗೆ, ಅಂದರೆ ಪರಿಮಿತಿಯ ಕಡೆಗೆ ಸಾಗಲೇಬೇಕು. ಈ ಮಾತನ್ನು ಯಾರೂ ಅಲ್ಲಗಳೆಯರು. ಕರಿಹಲಗೆಯ ಮೇಲೆ ಒಂದು ಗೆರೆ ಎಳೆದು, ಅದರ ಮೇಲೆ ಬಲಕ್ಕೆ ಬಲಕ್ಕೆ ಸರಿಯುವ ಚುಕ್ಕೆಗಳನ್ನಿಟ್ಟು, ಮುಂದೊಂದು ಗೋಡೆಯನ್ನು ಬರೆದು ತೋರಿಸಿದರೆ ವಿದ್ಯಾರ್ಥಿಗಳು ತಲೆಯಾಡಿಸುತ್ತಾರೆ. ಹಿಂದಿನ ಅಧ್ಯಾಪಕರು ಹೀಗೆಯೇ ಮಾಡುತ್ತಿದ್ದರು. ಡೆಡೆಕಿಂಡನೂ ಚಿತ್ರದ ನೆರವನ್ನು ಪಡೆಯಬೇಕಾಯಿತು. ಆದರೆ ಅವನ ಅಂತರಂಗ ಒಪ್ಪಲಿಲ್ಲ. ಬೋಧನೆಗೆ ಚಿತ್ರ ಉಪಕಾರಿ, ಸಮಯವನ್ನೂ ಉಳಿಸುತ್ತದೆ. ಆದರೆ ಅದನ್ನು ಸಾಧನೆಯೆಂದು ಕರೆಯಲಾಗದು ಎಂಬುದು ಅವನಿಗೆ ಸ್ಪಷ್ಟವಾಗಿತ್ತು. ತನಗೇ ಸಿದ್ಧವಾಗದ ಮಾತನ್ನು ಶಿಷ್ಯರಿಗೆ ಸಿದ್ಧವೆಂದು ಹೇಳುವ ಇಕ್ಕಟ್ಟು ಅವನನ್ನು ಬಾಧಿಸಿತು. ಸಂಖ್ಯೆಗಳ ಸ್ವಭಾವದಿಂದಲೇ, ಚಿತ್ರದ ಆಸರೆಯಿಲ್ಲದೆ ಇದಕ್ಕೆ ಆಧಾರ ದೊರೆಯುವವರೆಗೆ ಚಿಂತಿಸುವುದನ್ನು ಬಿಡುವುದಿಲ್ಲವೆಂದು ಅವನು ನಿಶ್ಚಯಿಸಿದನು.

ಇಷ್ಟು ತಿಳಿಯಾದ ಮಾತಿಗೆ ಸಾಧನೆ ಏಕೆ ಬೇಕು ಎಂದು ವಾಚಕರಿಗೆ ಅನ್ನಿಸಬಹುದು. ಕಾರಣವನ್ನು ಒಂದು ದೃಷ್ಟಾಂತದಿಂದ ತಿಳಿಯಬಹುದು. 1, 1.4, 1.41, 1.414 ಎಂದು ಮುಂದುವರಿಯುವ ಸಂಖ್ಯೆಗಳನ್ನು ತೆಗೆದುಕೊಳ್ಳೋಣ. ಇವು ಏರುತ್ತಲೇ ಇವೆ, 2ನ್ನು ಮೀರುವುದಿಲ್ಲ. ಇವು ಸಾಗುತ್ತಿರುವುದು ವರ್ಗ 2 ಆಗುವ ಸಂಖ್ಯೆಯ ಕಡೆಗೆ. ಆದರೆ ಪೂರ್ಣಾಂಕಗಳನ್ನೂ ಅವುಗಳ ಭಾಗಗಳನ್ನೂ ಮಾತ್ರ ಬಲ್ಲವನ ಲೋಕದಲ್ಲಿ, ಅಂದರೆ ಭಾಗಲಬ್ಧ ಸಂಖ್ಯೆಗಳ ಲೋಕದಲ್ಲಿ, ಅಂಥ ಸಂಖ್ಯೆಯೇ ಇಲ್ಲ. ಇದ್ದರೆ ಅದನ್ನು ಅತ್ಯಂತ ಸಂಕ್ಷಿಪ್ತ ಭಿನ್ನರಾಶಿಯಾಗಿ ಬರೆಯಬಹುದಾಗಿತ್ತು. ಆಗ ಅಂಶದ ವರ್ಗ ಛೇದದ ವರ್ಗದ ಎರಡರಷ್ಟಾಗುವುದರಿಂದ ಅಂಶ ಸಮಸಂಖ್ಯೆ. ಅಂಶ ಸಮವಾದರೆ ಛೇದವೂ ಸಮ. ಎರಡೂ ಸಮವಾದರೆ ಭಿನ್ನರಾಶಿ ಸಂಕ್ಷಿಪ್ತವೇ ಅಲ್ಲ. ಆದುದರಿಂದ ಆ ಲೋಕದಲ್ಲಿ ಏರುತ್ತ ಹೋದ ಸಂಖ್ಯೆಗಳು ಗೋಡೆಯನ್ನೂ ಮೀರುವುದಿಲ್ಲ, ಎಲ್ಲಿಗೂ ಸೇರುವುದೂ ಇಲ್ಲ. ಎಲ್ಲರೂ ತಲೆಯಾಡಿಸಿದ ಮಾತು ಅಲ್ಲಿ ಸುಳ್ಳು! ಸೀಮೆಸುಣ್ಣದ ಗೆರೆಗೆ ದಪ್ಪವಿದೆ. ಅದು ಇಂಥ ರಂಧ್ರಗಳನ್ನು ಮುಚ್ಚಿ ಬಿಡುತ್ತದೆ. ಕಣ್ಣಿಗೆ ತುಂಬಿದಂತೆ ಕಾಣುವ ಗೆರೆಯಲ್ಲಿ ಬಿರುಕಿಲ್ಲವೆಂಬುದಕ್ಕೆ ಪ್ರಮಾಣವೇನು? ಡೆಡೆಕಿಂಡನನ್ನು ಕಾಡಿದ ಪ್ರಶ್ನೆ ಇದೇ.

ಉತ್ತರ ಹೊಳೆದದ್ದು 1858ರ ನವೆಂಬರ್ 24ರಂದು. ಆ ದಿನವನ್ನು ಅವನೇ ಮುಂದೆ ನಮೂದಿಸಿದ್ದಾನೆ. ಉತ್ತರ ಹೀಗಿದೆ. ಭಾಗಲಬ್ಧ ಸಂಖ್ಯೆಗಳನ್ನೆಲ್ಲ ಎಡಪಂಗಡ, ಬಲಪಂಗಡ ಎಂದು ಎರಡಾಗಿ ವಿಂಗಡಿಸಬೇಕು; ಎಡಪಂಗಡದ ಪ್ರತಿಯೊಂದು ಸಂಖ್ಯೆಯೂ ಬಲಪಂಗಡದ ಪ್ರತಿಯೊಂದಕ್ಕಿಂತ ಚಿಕ್ಕದಾಗಿರಬೇಕು. ಇಂಥ ವಿಂಗಡಣೆಯನ್ನು ಅವನು ‘ಛೇದನ’ ಎಂಬರ್ಥದ ಜರ್ಮನ್ ಶಬ್ದದಿಂದ ಕರೆದನು. ಕೆಲವು ಛೇದನಗಳಲ್ಲಿ ಎಡಪಂಗಡಕ್ಕೆ ಅತಿ ದೊಡ್ಡ ಸಂಖ್ಯೆಯೊಂದಿರುತ್ತದೆ, ಅಥವಾ ಬಲಪಂಗಡಕ್ಕೆ ಅತಿ ಚಿಕ್ಕದೊಂದಿರುತ್ತದೆ. ಆ ಸಂಖ್ಯೆಯೇ ಗಡಿಯ ಮೇಲಿನ ಕಲ್ಲು. ಇನ್ನು ಕೆಲವದರಲ್ಲಿ ಎರಡೂ ಇರುವುದಿಲ್ಲ. ಗಡಿಯುಂಟು, ಗಡಿಯ ಮೇಲೆ ಕಲ್ಲಿಲ್ಲ.

ವರ್ಗವು 2ಕ್ಕಿಂತ ಹೆಚ್ಚಾಗುವ ಧನಸಂಖ್ಯೆಗಳನ್ನೆಲ್ಲ ಬಲಕ್ಕೂ ಉಳಿದವನ್ನೆಲ್ಲ ಎಡಕ್ಕೂ ಇಟ್ಟರೆ ಈ ಎರಡನೆಯ ಬಗೆಯ ಛೇದನ ಸಿಗುತ್ತದೆ. ಬೌಧಾಯನ ಶುಲ್ಬಸೂತ್ರದಲ್ಲಿ ಚೌಕದ ಕರ್ಣಕ್ಕೆ ಕೊಟ್ಟಿರುವ ಅಳತೆಯನ್ನು ಇಲ್ಲಿ ನೆನೆಯಬಹುದು. ಬಾಹುವಿಗೆ ಅದರ ಮೂರನೆಯ ಒಂದು ಭಾಗವನ್ನೂ, ಆ ಭಾಗದ ನಾಲ್ಕನೆಯ ಒಂದು ಭಾಗವನ್ನೂ ಸೇರಿಸಿ, ಈ ಕಡೆಯದರ ಮೂವತ್ತನಾಲ್ಕನೆಯ ಒಂದು ಭಾಗವನ್ನು ಕಳೆಯಬೇಕು ಎಂಬುದು ಆ ವಿಧಿ. ಲೆಕ್ಕಮಾಡಿದರೆ 577/408 ಬರುತ್ತದೆ. 577ರ ವರ್ಗ 3,32,929. 408ರ ವರ್ಗದ ಎರಡರಷ್ಟು 3,32,928. ಒಂದೇ ಒಂದು ಹೆಚ್ಚು! ಆದುದರಿಂದ ಈ ಸಂಖ್ಯೆ ಬಲಪಂಗಡಕ್ಕೆ ಸೇರುತ್ತದೆ. ಈ ಅಳತೆಗೆ ‘ಸವಿಶೇಷ’ವೆಂಬ ಹೆಸರಿತ್ತೆಂಬುದು ಗಮನಾರ್ಹ. ಇನ್ನು ಎಡಪಂಗಡದಿಂದ 1ನ್ನು ಎತ್ತಿಕೊಂಡು ಡೆಡೆಕಿಂಡನ ಗ್ರಂಥದಲ್ಲಿರುವ ಒಂದು ಯುಕ್ತಿಯನ್ನು ಪ್ರಯೋಗಿಸಬಹುದು. ಸಂಖ್ಯೆಯ ವರ್ಗಕ್ಕೆ 6 ಕೂಡಿಸಿ, ಮೊತ್ತವನ್ನು ಆ ಸಂಖ್ಯೆಯಿಂದಲೇ ಗುಣಿಸಿ, ಬಂದುದನ್ನು ಬೇರೆಡೆ ಇಟ್ಟುಕೊಳ್ಳಬೇಕು. ಆಮೇಲೆ ವರ್ಗದ ಮೂರರಷ್ಟಕ್ಕೆ 2 ಕೂಡಿಸಿ, ಅದರಿಂದ ಮೊದಲಿನದನ್ನು ಭಾಗಿಸಬೇಕು. 1ರಿಂದ 7/5 ಬರುತ್ತದೆ. 7/5ರಿಂದ 1393/985 ಬರುತ್ತದೆ. 1393ರ ವರ್ಗ 19,40,449. 985ರ ವರ್ಗದ ಎರಡರಷ್ಟು 19,40,450. ಒಂದೇ ಒಂದು ಕಡಿಮೆ. ಹೀಗೆ ಎಡಪಂಗಡದ ಯಾವ ಸಂಖ್ಯೆಯನ್ನು ಕೊಟ್ಟರೂ, ಅದು ಸೊನ್ನೆಗಿಂತ ಹೆಚ್ಚಾಗಿದ್ದರೆ, ಈ ಯುಕ್ತಿ ಅದಕ್ಕಿಂತ ದೊಡ್ಡದಾದ ಇನ್ನೊಂದನ್ನು ಎಡಪಂಗಡದಿಂದಲೇ ತೆಗೆದುಕೊಡುತ್ತದೆ. ಬಲಪಂಗಡದಲ್ಲಿಯೂ ಹಾಗೆಯೇ, ಇಳಿಮುಖವಾಗಿ. ಎಡಕ್ಕೆ ಕೊನೆಯಿಲ್ಲ, ಬಲಕ್ಕೆ ಮೊದಲಿಲ್ಲ.

ಕಲ್ಲಿಲ್ಲದ ಇಂಥ ಪ್ರತಿಯೊಂದು ಗಡಿಯಲ್ಲಿಯೂ ಒಂದು ಹೊಸ ಸಂಖ್ಯೆಯನ್ನು ಪ್ರತಿಷ್ಠಾಪಿಸಬೇಕು ಎಂಬುದೇ ಡೆಡೆಕಿಂಡನ ಮಾತು. ಹಳೆಯ ಭಾಗಲಬ್ಧಗಳೂ ಈ ಹೊಸ ಅಭಾಗಲಬ್ಧಗಳೂ ಸೇರಿ ವಾಸ್ತವ ಸಂಖ್ಯೆಗಳು. ಇವುಗಳನ್ನು ಮತ್ತೆ ಎಡಬಲವಾಗಿ ಛೇದಿಸಿದರೆ ಬರಿದಾದ ಗಡಿ ಇನ್ನೆಲ್ಲಿಯೂ ಸಿಗುವುದಿಲ್ಲವೆಂದು ಅವನು ಸಾಧಿಸಿದನು. ಪಾಠದಲ್ಲಿ ಕಾಡಿದ್ದ ಪ್ರಮೇಯ ಈಗ ತಾನಾಗಿ ಕೈಗೆ ಬರುತ್ತದೆ: ಏರುವ ಪರಿಮಾಣ ಎಂದಾದರೊಮ್ಮೆ ದಾಟುವ ಸಂಖ್ಯೆಗಳೆಲ್ಲ ಎಡಕ್ಕೆ, ಎಂದೂ ದಾಟದ ಸಂಖ್ಯೆಗಳೆಲ್ಲ ಬಲಕ್ಕೆ, ಈ ಛೇದನದ ಗಡಿಯ ಮೇಲೆ ನಿಂತಿರುವ ಸಂಖ್ಯೆಯೇ ಪರಿಮಿತಿ. ಚಿತ್ರ ಬೇಕಾಗಲಿಲ್ಲ. ಅವಿಚ್ಛಿನ್ನತೆಯ ರಹಸ್ಯ ಇಷ್ಟು ಸಾಮಾನ್ಯವಾದ ಮಾತಿನಲ್ಲಿ ಅಡಗಿದೆಯೇ ಎಂದು ಓದುಗರು ನಿರಾಶರಾಗಬಹುದೆಂದು ಅವನಿಗೇ ಅಳುಕಿತ್ತು.

ಅಳುಕಿನಿಂದಲೋ ಸ್ವಭಾವದ ಸಂಕೋಚದಿಂದಲೋ ಅವನು ಇದನ್ನು ಕೂಡಲೇ ಪ್ರಕಟಿಸಲಿಲ್ಲ. ಕೆಲವೇ ದಿನಗಳಲ್ಲಿ ಡ್ಯೂರೆಗೆ ಎಂಬ ಮಿತ್ರನಿಗೆ ತಿಳಿಸಿದನು. ಆಮೇಲೆ ಒಬ್ಬಿಬ್ಬರು ಶಿಷ್ಯರಿಗೆ ಹೇಳಿಕೊಟ್ಟನು. 1862ರಲ್ಲಿ ಹುಟ್ಟೂರಿಗೆ ಮರಳಿದ ಬಳಿಕ ಅಲ್ಲಿಯ ವಿದ್ವತ್ಸಭೆಯೊಂದರಲ್ಲಿ ಮಾತನಾಡಿದನು. 1872ರಲ್ಲಿ ತಂದೆಯ ಸೇವಾವಧಿಗೆ 50 ವರ್ಷ ತುಂಬಿದ ಉತ್ಸವ ಬಂದಿತು. ಅದರ ನೆನಪಿಗಾಗಿ ‘ಅವಿಚ್ಛಿನ್ನತೆ ಮತ್ತು ಅಭಾಗಲಬ್ಧ ಸಂಖ್ಯೆಗಳು’ ಎಂಬರ್ಥದ ಹೆಸರಿನ ಸಣ್ಣ ಪುಸ್ತಕವನ್ನು ಅಚ್ಚುಹಾಕಿಸಿ ತಂದೆಗೆ ಅರ್ಪಿಸಿದನು. 14 ವರ್ಷ ಕಾದಿದ್ದ ಸಿದ್ಧಾಂತ ಹೊರಬಿದ್ದದ್ದು ಒಂದು ಸಂಭಾವನಾ ಗ್ರಂಥವಾಗಿ! ಸ್ಮರಣ ಸಂಚಿಕೆಗಳನ್ನು ತಿರುವಿ ಹಾಕಿ ಬದಿಗಿಡುವವರು ಇದನ್ನು ಅರೆಕ್ಷಣ ಯೋಚಿಸಬಹುದು. ಅದೇ ವರ್ಷ ಕ್ಯಾಂಟರ್, ಹೈನೆ ಎಂಬ ಇನ್ನಿಬ್ಬರೂ ಬೇರೆ ದಾರಿಗಳಿಂದ ಇದೇ ಊರನ್ನು ತಲಪಿದ್ದರು. ಡೆಡೆಕಿಂಡ್ ಮುನ್ನುಡಿ ಬರೆಯುವ ದಿನಗಳಲ್ಲಿಯೇ ಅವರ ಲೇಖನಗಳು ಅವನ ಕೈಸೇರಿದವು.

ಆ ಪುಸ್ತಕದ ಒಂದು ಮಾತು ಶಾಲಾ ಉಪಾಧ್ಯಾಯರನ್ನು ಬೆಚ್ಚಿಬೀಳಿಸುವಂಥದು. 2ರ ವರ್ಗಮೂಲವನ್ನು 3ರ ವರ್ಗಮೂಲದಿಂದ ಗುಣಿಸಿದರೆ 6ರ ವರ್ಗಮೂಲ ಬರುತ್ತದೆಂಬ ಸಮೀಕರಣವನ್ನು, ತಾನು ತಿಳಿದಮಟ್ಟಿಗೆ, ಅದುವರೆಗೆ ಯಾರೂ ನಿಜವಾಗಿ ಸಾಧಿಸಿರಲಿಲ್ಲ ಎಂದು ಅವನು ಬರೆದನು. ಹದಿನಾಲ್ಕು ವರ್ಷದ ಮಕ್ಕಳು ಕಣ್ಣುಮುಚ್ಚಿ ಬರೆಯುವ ಪಂಕ್ತಿ ಅದು. ಸಂಖ್ಯೆಯೆಂದರೇನೆಂದೇ ನಿಶ್ಚಯಿಸದಿದ್ದಾಗ ಅದರ ಗುಣಾಕಾರದ ಮಾತೆಲ್ಲಿ?

ಡೆಡೆಕಿಂಡನಿಗಿಂತ ಮುಂಚೆಯೂ ಪಾಠದ ನೆವದಿಂದ ಈ ಶಾಸ್ತ್ರವನ್ನು ತಿದ್ದಿದವರಿದ್ದರು. ಪ್ಯಾರಿಸ್ಸಿನ ಪಾಲಿಟೆಕ್ನಿಕ್ ಶಾಲೆಯಲ್ಲಿ ಎಂಜಿನಿಯರುಗಳಾಗಲಿದ್ದ ತರುಣರಿಗೆ ಕೋಶಿ ಹೇಳುತ್ತಿದ್ದ ಪಾಠಗಳು 1821ರಲ್ಲಿ ಗ್ರಂಥವಾಗಿ ಬಂದವು. ಪರಿಮಿತಿ, ಅವಿಚ್ಛಿನ್ನತೆ ಎಂಬ ಶಬ್ದಗಳಿಗೆ ಖಚಿತವಾದ ಲಕ್ಷಣ ಹೇಳಲು ಹೊರಟ ಗ್ರಂಥವಿದು. ಎಂಜಿನಿಯರುಗಳಿಗೆ ಇಷ್ಟು ನಿಷ್ಕರ್ಷೆ ಬೇಡವೆಂದು ಶಾಲೆಯವರು ಆಕ್ಷೇಪಿಸಿದ್ದೂ ಉಂಟು. ಇಂಥ ನಿಷ್ಕರ್ಷೆಯ ಕೋಶಿಯೂ ಒಂದೆಡೆ ಎಡವಿದನು. ಅವಿಚ್ಛಿನ್ನ ಫಲನಗಳನ್ನು ಕೊನೆಯಿಲ್ಲದಂತೆ ಕೂಡಿಸಿದಾಗ ಮೊತ್ತ ಸಿಗುವುದಾದರೆ ಆ ಮೊತ್ತವೂ ಅವಿಚ್ಛಿನ್ನವೆಂದು ಸಾಧಿಸಿಬಿಟ್ಟನು. (ಫಲನವೆಂದರೆ, ಒಂದು ಸಂಖ್ಯೆಯನ್ನು ಕೊಟ್ಟರೆ ನಿಯಮಕ್ಕನುಸಾರವಾಗಿ ಇನ್ನೊಂದನ್ನು ಹಿಂತಿರುಗಿಸುವ ಸಂಬಂಧ.) 1826ರಲ್ಲಿ ನಾರ್ವೆಯ ಆಬೆಲ್, ಇನ್ನೂ ಇಪ್ಪತ್ತರ ಹರೆಯದವನು, ಒಂದು ಅಡಿಟಿಪ್ಪಣಿಯಲ್ಲಿ ಈ ಪ್ರಮೇಯಕ್ಕೆ ಅಪವಾದವನ್ನು ತೋರಿಸಿದನು. ದೋಷದ ನೆಲೆ ಸ್ಪಷ್ಟವಾಗಲು ಮತ್ತೆ ಇಪ್ಪತ್ತು ವರ್ಷ ಹಿಡಿಯಿತು. 1847–48ರ ಸುಮಾರಿಗೆ ಸ್ಟೋಕ್ಸ್, ಸೈಡೆಲ್ ಎಂಬಿಬ್ಬರು ಪ್ರತ್ಯೇಕವಾಗಿ ಅದನ್ನು ಗುರುತಿಸಿದರು.

ಆ ದೋಷವನ್ನು ಕನ್ನಡ ಬಲ್ಲವನಿಗೆ ಒಂದಕ್ಷರದಲ್ಲಿ ಹೇಳಿಬಿಡಬಹುದು. ಕನ್ನಡದಲ್ಲಿ ಅವಧಾರಣಾರ್ಥಕವಾದ ‘ಏ’ ಎಂಬ ಅವ್ಯಯವಿದೆ. ‘ಪ್ರಸಾದನಿಲಯದಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಗೂ ಒಂದು ತಟ್ಟೆಯಿದೆ’ ಎಂಬ ವಾಕ್ಯಕ್ಕೂ ‘ಎಲ್ಲ ವಿದ್ಯಾರ್ಥಿಗಳಿಗೂ ಒಂದೇ ತಟ್ಟೆಯಿದೆ’ ಎಂಬ ವಾಕ್ಯಕ್ಕೂ ಇರುವ ಅಂತರ ಹಸಿದವನಿಗೆ ಚೆನ್ನಾಗಿ ಗೊತ್ತು. 0ಯಿಂದ 1ರವರೆಗಿನ ಸಂಖ್ಯೆಗಳ ಘಾತಗಳನ್ನು ನೋಡಿರಿ. 1/2ನ್ನು ತನ್ನಿಂದಲೇ ಗುಣಿಸುತ್ತ ಹೋದರೆ 7ನೆಯ ಘಾತಕ್ಕೆ ಅದು 1/100ಕ್ಕಿಂತ ಕಿರಿದಾಗುತ್ತದೆ. 9/10ಕ್ಕೆ 44ನೆಯ ಘಾತ ಬೇಕು. 99/100ಕ್ಕೆ 459ನೆಯದು. 1ಕ್ಕಿಂತ ಕಡಿಮೆಯಾದ ಪ್ರತಿಯೊಂದು ಸಂಖ್ಯೆಗೂ ಒಂದು ಘಾತಾಂಕವಿದೆ. ಆದರೆ ಅವೆಲ್ಲಕ್ಕೂ ಸಾಲುವ ಒಂದೇ ಘಾತಾಂಕವಿಲ್ಲ. ಆದುದರಿಂದಲೇ ಪ್ರತಿಯೊಂದು ಘಾತದ ವಕ್ರರೇಖೆಯೂ ಅವಿಚ್ಛಿನ್ನವಾಗಿದ್ದರೂ ಕಡೆಗೆ ಉಳಿಯುವುದು 1ರ ವರೆಗೆ ಸೊನ್ನೆಯಾಗಿದ್ದು 1ರಲ್ಲಿ ತಟಕ್ಕನೆ 1 ಆಗುವ ಹರಿದ ರೇಖೆ. ಕೋಶಿ ‘ಒಂದು’ ಎಂಬುದನ್ನು ಇಟ್ಟುಕೊಂಡು ‘ಒಂದೇ’ ಎಂಬುದರ ಕೆಲಸವನ್ನು ಮಾಡಿಸಿಕೊಂಡನು. ತರಗತಿಯಲ್ಲಿ ‘ಯೂನಿಫಾರ್ಮ್’ ಎಂಬ ಇಂಗ್ಲಿಷ್ ವಿಶೇಷಣ ಬಂದಾಗಲೆಲ್ಲ ವಿದ್ಯಾರ್ಥಿ ತನ್ನ ಟಿಪ್ಪಣಿಯಲ್ಲಿ ಈ ಏಕಾರ ಎಲ್ಲಿ ಬರುತ್ತದೆಂದು ಹುಡುಕಿ ಗೆರೆ ಹಾಕಿಕೊಂಡರೆ, ಈ ಶಾಸ್ತ್ರದ ಗೊಂದಲದಲ್ಲಿ ಒಳ್ಳೆಯ ಪಾಲು ಅಲ್ಲಿಯೇ ಕಳೆಯುತ್ತದೆ.

ಲಕ್ಷಣಗಳಿಗೆ ಇಂದಿನ ರೂಪ ಬಂದದ್ದು ಬಹುಮಟ್ಟಿಗೆ ವೈಯರ್‌ಷ್ಟ್ರಾಸ್ ಎಂಬವನ ಬರ್ಲಿನ್ ಪಾಠಗಳಿಂದ. ಈತ ವರ್ಷಗಟ್ಟಲೆ ಸಣ್ಣ ಊರುಗಳ ಶಾಲೆಗಳಲ್ಲಿ ಗಣಿತದೊಡನೆ ಸುಂದರ ಬರವಣಿಗೆಯನ್ನೂ ಅಂಗಸಾಧನೆಯನ್ನೂ ಕಲಿಸುತ್ತಿದ್ದ ಉಪಾಧ್ಯಾಯ. 1856ರಲ್ಲಿ ಬರ್ಲಿನ್ನಿಗೆ ಬಂದನು. ವಿಶ್ಲೇಷಣೆಯ ಮೂಲತತ್ತ್ವಗಳನ್ನು ತಾನೇ ಪುಸ್ತಕವಾಗಿ ಬರೆಯಲಿಲ್ಲ. 1861ರ ಅವನ ಪಾಠಗಳನ್ನು ಶಿಷ್ಯನಾದ ಷ್ವಾರ್ಟ್ಸ್ ಬರೆದಿಟ್ಟುಕೊಂಡ ಟಿಪ್ಪಣಿಗಳಲ್ಲಿ ಎಪ್ಸಿಲಾನ್–ಡೆಲ್ಟಾಗಳ ಭಾಷೆ ಕಾಣುತ್ತದೆ. ತರಗತಿಯಲ್ಲಿ ಶ್ರದ್ಧೆಯಿಂದ ಟಿಪ್ಪಣಿ ಬರೆಯುವವನೂ ಶಾಸ್ತ್ರಕ್ಕೆ ಉಪಕಾರಿಯಾಗಬಲ್ಲನು.

ಈಗ ವಿದ್ಯಾರ್ಥಿಯ ಸಿದ್ಧತೆಯ ವಿಚಾರ. ತರ್ಕಶಾಸ್ತ್ರವನ್ನು ಸಂಪ್ರದಾಯದಂತೆ ಓದಿದವರಿಗೆ ಎರಡು ಅಭ್ಯಾಸಗಳು ಪರಿಚಿತ. ಮೊದಲನೆಯದು, ಲಕ್ಷಣಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂಬ ದೋಷಗಳಿವೆಯೇ ಎಂದು ನೋಡುವುದು. ಹಸುವಿಗೆ ಕೊಂಬಿರುವುದೇ ಲಕ್ಷಣವೆಂದರೆ ಎಮ್ಮೆಗೂ ಸಲ್ಲುತ್ತದೆ, ಅದು ಅತಿವ್ಯಾಪ್ತಿ. ಕಪಿಲವರ್ಣವೇ ಲಕ್ಷಣವೆಂದರೆ ಬಿಳಿಯ ಹಸು ಹೊರಗುಳಿಯುತ್ತದೆ; ಅದು ಅವ್ಯಾಪ್ತಿ. ಒಂಟಿ ಗೊರಸೆಂದರೆ ಯಾವ ಹಸುವಿಗೂ ಸಲ್ಲದು, ಅದು ಅಸಂಭವ. ಗಂಗೆದೊಗಲಿರುವುದು ಲಕ್ಷಣವೆಂದರೆ ಸರಿಹೋಗುತ್ತದೆ. ವಾಸ್ತವ ವಿಶ್ಲೇಷಣೆಗೆ ಇಷ್ಟು ಒದಗಿಬರುವ ಉಪಕರಣ ಬೇರೊಂದಿಲ್ಲ.

ಅವಿಚ್ಛಿನ್ನ ಫಲನವೆಂದರೆ ಲೇಖನಿಯನ್ನೆತ್ತದೆ ಬರೆಯಬಹುದಾದ ರೇಖೆ ಎಂದು ಹುಡುಗರು ಹೇಳುತ್ತಾರೆ. ಇದು ಅವ್ಯಾಪ್ತಿ. 1872ರಲ್ಲಿ ವೈಯರ್‌ಷ್ಟ್ರಾಸ್ ಬರ್ಲಿನ್ ಅಕಾಡೆಮಿಯ ಮುಂದಿಟ್ಟ ಫಲನ ಎಲ್ಲೆಡೆಯೂ ಅವಿಚ್ಛಿನ್ನ, ಆದರೆ ಯಾವ ಬಿಂದುವಿನಲ್ಲಿಯೂ ಅದಕ್ಕೆ ಸ್ಪರ್ಶರೇಖೆಯಿಲ್ಲ. ಅದನ್ನು ಬರೆಯುವ ಲೇಖನಿಯನ್ನು ಯಾರೂ ಮಾಡಿಲ್ಲ. ಹಾಗಾದರೆ, ಎರಡು ಬೆಲೆಗಳ ನಡುವಿನ ಎಲ್ಲ ಬೆಲೆಗಳನ್ನೂ ಮುಟ್ಟಿಹೋಗುವುದೇ ಅವಿಚ್ಛಿನ್ನತೆ ಎಂದರೆ? ಇದು ಅತಿವ್ಯಾಪ್ತಿ. xನ ವಿಲೋಮದ ಸೈನ್ ಬೆಲೆಯನ್ನು ತೆಗೆದುಕೊಂಡು, 0ಯಲ್ಲಿ ಮಾತ್ರ 0 ಎಂದಿಟ್ಟುಕೊಂಡ ಫಲನ 0ಯ ಬಳಿ ಹುಚ್ಚೆದ್ದು ಕುಣಿಯುತ್ತದೆ. ನಡುವಿನ ಬೆಲೆಗಳನ್ನೆಲ್ಲ ಮುಟ್ಟುತ್ತದೆ, ಆದರೆ 0ಯಲ್ಲಿ ಅದು ಅವಿಚ್ಛಿನ್ನವಲ್ಲ. ಇಷ್ಟು ತಾನೇ ತಡವಿ ನೋಡಿದ ಬಳಿಕ ಎಪ್ಸಿಲಾನ್–ಡೆಲ್ಟಾ ಲಕ್ಷಣ ಕೃತಕವೆಂದು ತೋರದು. ಅದು ವಾದಿ ಪ್ರತಿವಾದಿಗಳ ಸಂವಾದ. ಪ್ರತಿವಾದಿ ‘ಫಲದಲ್ಲಿ ಇಷ್ಟಕ್ಕಿಂತ ಹೆಚ್ಚು ವ್ಯತ್ಯಾಸ ಕೂಡದು’ ಎನ್ನುತ್ತಾನೆ. ವಾದಿ ‘ಹಾಗಾದರೆ ಬಿಂದುವಿನಿಂದ ಇಷ್ಟರೊಳಗೆ ಇರಿ’ ಎಂದು ಉತ್ತರಿಸುತ್ತಾನೆ. ವರ್ಗಫಲನದಲ್ಲಿ, 3ರ ಬಳಿ, 1/100ರೊಳಗೆ ಇರಬೇಕೆಂದು ಕೇಳಿದರೆ 1/700 ಎಂಬ ಉತ್ತರ ಸಾಕು. 300ರ ಬಳಿ ಅದೇ ಪ್ರಶ್ನೆಗೆ ಆ ಉತ್ತರ ಸಾಲದು. 1/60,100 ಎಂದರೆ ನಡೆಯುತ್ತದೆ. ಇಲ್ಲಿಯೂ ‘ಒಂದು’ ಮತ್ತು ‘ಒಂದೇ’ಗಳ ಭೇದ ತಲೆಯೆತ್ತಿತೆಂಬುದನ್ನು ವಾಚಕರು ಗಮನಿಸಿರಬಹುದು.

ಎರಡನೆಯ ಅಭ್ಯಾಸ ಪದಕೃತ್ಯ. ಲಕ್ಷಣವಾಕ್ಯದಲ್ಲಿ ಒಂದೊಂದು ಪದ ಏಕಿದೆ, ಅದನ್ನು ತೆಗೆದರೆ ಏನು ಕೆಡುತ್ತದೆ ಎಂದು ಕೇಳುವುದು. ವೈಯಾಕರಣರು ಇದಕ್ಕೇ ಪ್ರತ್ಯುದಾಹರಣೆ ಕೊಡುತ್ತಾರೆ. ಗಣಿತದ ತರಗತಿಗೆ ಹೋಗುವ ಮುನ್ನ ಮರುದಿನದ ಪ್ರಮೇಯವನ್ನು ಹುಡುಕಿ, ಅದರ ಸಾಧನೆಯನ್ನು ಓದದೆ, ಮಾತಿಗೆ ಮಾತ್ರ ಪದಕೃತ್ಯ ಮಾಡಿಕೊಂಡು ಹೋಗಬೇಕು. ಅರ್ಧ ಗಂಟೆ ಸಾಕು. ಸಾಧನೆಯನ್ನು ಮುಂಚೆ ಓದಿಕೊಂಡು ಹೋಗುವುದು ಒಳ್ಳೆಯದೆಂದು ಕೆಲವರ ಮತ; ಆದರೆ ಪ್ರಶ್ನೆ ಹುಟ್ಟುವ ಮೊದಲೇ ಉತ್ತರವನ್ನು ನುಂಗಿದವನಿಗೆ ತರಗತಿಯಲ್ಲಿ ನಿದ್ರೆಯೇ ಗತಿ.

ಒಂದು ಪ್ರಸಿದ್ಧ ಪ್ರಮೇಯವನ್ನು ಹೀಗೆ ಬಿಡಿಸಿ ನೋಡಬಹುದು: ವಾಸ್ತವ ಸಂಖ್ಯೆಗಳ ಸಾಂತವೂ ಸಂವೃತವೂ ಆದ ಅಂತರಾಳದಲ್ಲಿ ಅವಿಚ್ಛಿನ್ನವಾದ ಫಲನ ತನ್ನ ಗರಿಷ್ಠ ಬೆಲೆಯನ್ನು ಎಲ್ಲಾದರೊಂದೆಡೆ ಪಡೆಯುತ್ತದೆ. ‘ಸಂವೃತ’ ಎಂದರೆ ಎರಡು ತುದಿಗಳನ್ನೂ ಒಳಗೊಂಡದ್ದು. ಆ ಪದ ಏಕೆ? ತುದಿಗಳನ್ನು ಬಿಟ್ಟು 0, 1ರ ನಡುವೆ x ಎಂಬ ಫಲನವನ್ನೇ ನೋಡಿದರೆ ಅದು 1ರ ಸಮೀಪಕ್ಕೆ ಏರುತ್ತಲೇ ಹೋಗುತ್ತದೆ, 1ನ್ನು ಮುಟ್ಟುವುದಿಲ್ಲ, ಗರಿಷ್ಠವಿಲ್ಲ. ‘ಸಾಂತ’ ಏಕೆ? ಬಲಕ್ಕೆ ಕೊನೆಯಿಲ್ಲದಿದ್ದರೆ ಅದೇ ಫಲನ ಏರುವುದನ್ನು ನಿಲ್ಲಿಸುವುದೇ ಇಲ್ಲ. ‘ಅವಿಚ್ಛಿನ್ನ’ ಏಕೆ? 1ರ ವರೆಗೆ x ಆಗಿದ್ದು 1ರಲ್ಲಿ ಮಾತ್ರ 0ಗೆ ಬೀಳುವ ಫಲನಕ್ಕೂ ಗರಿಷ್ಠವಿಲ್ಲ. ಒಳ್ಳೆಯ ವಿದ್ಯಾರ್ಥಿಗಳು ಇಲ್ಲಿಯವರೆಗೆ ಬರುತ್ತಾರೆ. ಎಲ್ಲರ ಕಣ್ಣನ್ನೂ ತಪ್ಪಿಸಿಕೊಳ್ಳುವ ಪದ ಮೊದಲನೆಯದು, ‘ವಾಸ್ತವ’ ಎಂಬುದು. ಶಾಸ್ತ್ರದ ಹೆಸರಿನಲ್ಲಿಯೇ ಸೇರಿರುವುದರಿಂದ ಅದನ್ನು ಯಾರೂ ನೋಡುವುದಿಲ್ಲ. ಅದನ್ನು ತೆಗೆದು ‘ಭಾಗಲಬ್ಧ’ವೆಂದು ಇಟ್ಟುನೋಡಬೇಕು. 0ಯಿಂದ 2ರವರೆಗಿನ ಭಾಗಲಬ್ಧ ಸಂಖ್ಯೆಗಳಲ್ಲಿ, ಸಂಖ್ಯೆಯ ವರ್ಗಕ್ಕೂ 2ಕ್ಕೂ ಇರುವ ವ್ಯತ್ಯಾಸವನ್ನು ವರ್ಗಿಸಿ, 1 ಕೂಡಿಸಿ, 1ನ್ನು ಅದರಿಂದ ಭಾಗಿಸುವ ಫಲನವನ್ನು ತೆಗೆದುಕೊಳ್ಳಿರಿ. ತುದಿಗಳೆರಡೂ ಇವೆ, ಅಂತರಾಳ ಸಾಂತ, ಫಲನ ಅವಿಚ್ಛಿನ್ನ. ಬೌಧಾಯನನ 577/408ರಲ್ಲಿ, 1393/985ರಲ್ಲಿ ಅದರ ಬೆಲೆ 1ಕ್ಕೆ ಅತಿ ಸಮೀಪ. ಆದರೆ 1 ಆಗುವುದು 2ರ ವರ್ಗಮೂಲದಲ್ಲಿ ಮಾತ್ರ, ಆ ಸ್ಥಾನ ಬರಿದು. ಜೂರಿಕ್ಕಿನ ಅಧ್ಯಾಪಕನನ್ನು ಕಾಡಿದ ರಂಧ್ರವೇ ಇದು.

ಅಧ್ಯಾಪಕರು ಮಾಡಿಕೊಳ್ಳಬೇಕಾದ ಸಿದ್ಧತೆಯಲ್ಲಿ ಒಂದು ಸೂಕ್ಷ್ಮವುಂಟು. ಶಾಸ್ತ್ರಕ್ರಮ ಬೇರೆ, ಪಾಠಕ್ರಮ ಬೇರೆ. ಅಮೆರಿಕದ ಎಂ.ಐ.ಟಿ.ಯಲ್ಲಿ ತರುಣ ಬೋಧಕನಾಗಿದ್ದ ವಾಲ್ಟರ್ ರೂಡಿನ್, ಈ ವಿಷಯದ ಪಾಠ ಹೇಳಬೇಕಾಗಿ ಬಂದಾಗ ತನಗೆ ಒಪ್ಪುವ ಪಠ್ಯ ಕಾಣದೆ ತಾನೇ ಒಂದನ್ನು ಬರೆದನು. 1953ರಲ್ಲಿ ಪ್ರಕಟವಾದ ಆ ಗ್ರಂಥ ಭಾರತದ ವಿಶ್ವವಿದ್ಯಾಲಯಗಳಲ್ಲಿಯೂ ಇಂದಿಗೂ ಬಳಕೆಯಲ್ಲಿದೆ. ಮೊದಲು ಡೆಡೆಕಿಂಡನ ಛೇದನಗಳನ್ನು ಅವನು ಪ್ರಥಮಾಧ್ಯಾಯದಲ್ಲಿಯೇ ಇಟ್ಟಿದ್ದನು. ತರ್ಕದ ದೃಷ್ಟಿಯಿಂದ ಅದೇ ಸರಿಯಾದ ಸ್ಥಾನ. ಎರಡು ದಶಕಗಳ ಅನುಭವದ ನಂತರ, 1976ರ ಮೂರನೆಯ ಆವೃತ್ತಿಯಲ್ಲಿ, ಅದನ್ನು ಆ ಅಧ್ಯಾಯದ ಅನುಬಂಧಕ್ಕೆ ಸಾಗಿಸಿದನು. ಸಂಖ್ಯೆಗಳನ್ನು ಕಟ್ಟುವ ಅಗತ್ಯವೇ ಆರಂಭದ ವಿದ್ಯಾರ್ಥಿಗಳಿಗೆ ಮನಗಾಣುವುದಿಲ್ಲ ಎಂಬುದು ಅವನು ಕೊಟ್ಟ ಕಾರಣ. ಈ ನಿರ್ಧಾರವನ್ನು ಮೆಚ್ಚಬೇಕು. ಆದರೆ ಅನುಬಂಧವೆಂದರೆ ಪರೀಕ್ಷೆಗಿಲ್ಲದ್ದು ಎಂಬ ಅರ್ಥ ನಮ್ಮಲ್ಲಿ ರೂಢವಾಗಿರುವುದರಿಂದ ಅನೇಕರು ಆ ಐದು ಪುಟಗಳನ್ನು ತೆರೆಯದೆಯೇ ಪದವಿ ಪಡೆಯುತ್ತಾರೆ. ವರ್ಷದ ಮೊದಲ ತಿಂಗಳಲ್ಲಿ ಅದನ್ನು ಬಿಟ್ಟ ಅಧ್ಯಾಪಕರು, ಮೇಲೆ ಹೇಳಿದ ಗರಿಷ್ಠ ಬೆಲೆಯ ಪ್ರಮೇಯವನ್ನು ಮುಗಿಸಿದ ದಿನ, ‘ವಾಸ್ತವ’ ಎಂಬ ಪದಕ್ಕೆ ಪದಕೃತ್ಯ ಕೇಳಿ, ಉತ್ತರ ಬಾರದಿದ್ದರೆ ಆ ಪುಟಗಳಿಗೆ ಹಿಂತಿರುಗಬಹುದು. ಆಗ ಅದಕ್ಕೆ ಎರಡು ತರಗತಿಗಳ ಅವಧಿ ಸಾಕಾಗುತ್ತದೆ.